ಕುಸುರೆಳ್ಳಿಗೊಂದು ಚಂದ್ರಕಾಳಿ ಪಾಕೀಟು

ಕತ್ತರಿ ಹಿಡಿಯುವ ಮೊದಲು ಡಬ್ಬಿ ತೆಗೆದು ಕುಸುರೆಳ್ಳು ಅಳೆಯಿರಿ. ಸಂಕ್ರಾಂತಿಗೆ ಕಾಗದದ ಪಾಕೀಟು ಮಾಡಲು ಕೂತವರು ಬಹಳಷ್ಟು ಜನ ಮೊದಲು ಚೆಂದದ ಕಾಗದ ತರುತ್ತಾರೆ, ಮೊಬೈಲಿನಲ್ಲಿ ನೋಡಿದ ಹಾಗೆ ಮಡಚುತ್ತಾರೆ, ಲೇಸು ಹಚ್ಚುತ್ತಾರೆ, ಒಳಗೆ ಏನು ತುಂಬೋಣ ಅನ್ನುವ ಮಾತು ಕಟ್ಟಕಡೆಗೆ ಬರುತ್ತದೆ. ಅಂಥ ಪಾಕೀಟಿನಲ್ಲಿ ಎಳ್ಳುಂಡಿ ಹಿಡಿಯುವುದಿಲ್ಲ. ಹಿಡಿದರೂ ಸಂಜೆಯೊಳಗೆ ಎಣ್ಣೆ ಬಿಟ್ಟು ಲೇಸಿನ ಪಕ್ಕದಲ್ಲೇ ಕಲೆ ಮೂಡುತ್ತದೆ. ನನ್ನ ಪದ್ಧತಿ ಇದಕ್ಕೆ ಉಲ್ಟಾ. ಏನು ತುಂಬುತ್ತೀರಿ, ಎಷ್ಟು ತುಂಬುತ್ತೀರಿ, ಯಾರ ಕೈಗೆ ಕೊಡುತ್ತೀರಿ, ಇವು ಗೊತ್ತಾದ ಮೇಲೆ ಕಾಗದ. ಅಲಂಕಾರಕ್ಕೆ ಕೊನೇ ಪಾಳಿ.

ನಾನು ಧಾರವಾಡದವಳು, ಮದುವೆಯಾಗಿ ಬಂದು ಪುಣೆಯ ಕೋಥರೂಡಿನಲ್ಲಿ ಬೇರು ಬಿಟ್ಟವಳು. ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಒಂದಲ್ಲ ಒಂದು ಮನೆಯಲ್ಲಿ ಅರಿಷಿಣ ಕುಂಕುಮ ಇದ್ದೇ ಇರುತ್ತದೆ. ಬಂದವರಿಗೆ ವಾಣ ಎಂದು ಒಂದು ಬಟ್ಟಲೋ, ಡಬ್ಬಿಯೋ, ಬಾಚಣಿಗೆಯೋ ಕೊಡುತ್ತಾರೆ. ಜೊತೆಗೆ ‘ತಿಳಗೂಳ ಘ್ಯಾ, ಗೋಡ ಗೋಡ ಬೋಲಾ’ ಎಂದು ತಿಳಗೂಳ. ನಮ್ಮ ಕಡೆ ‘ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದಂಗ ಇರೂಣು’ ಅನ್ನುತ್ತೇವಲ್ಲ, ಅದೇ ಪ್ರಸಂಗ. ಮೊದಲೆಲ್ಲ ಈ ತಿಳಗೂಳ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿತ್ತು. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಹಾಕಿದ ಮೇಲೆ ನಮ್ಮ ಸೊಸಾಯಿಟಿಯ ಹೆಂಗಸರೆಲ್ಲ ಕಾಗದದ ಕಡೆ ಹೊರಳಿದರು. ಯಾರೋ ದಿನಪತ್ರಿಕೆಯ ಪುಡಿಕೆ ಕಟ್ಟೋಣ ಅಂದರು. ಅದು ಬೇಡವೇ ಬೇಡ. ಅಚ್ಚಿನ ಮಸಿ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ. 2018ರ ಆಹಾರ ಪ್ಯಾಕಿಂಗ್ ನಿಯಮಗಳಲ್ಲೂ ದಿನಪತ್ರಿಕೆಯಲ್ಲಿ ತಿನಿಸು ಕಟ್ಟಬಾರದು ಎಂದೇ ಇದೆ.

ಈಗ ಒಳಗಿನ ಮಾತು. ಕುಸುರೆಳ್ಳು, ಅಂದರೆ ಇಲ್ಲಿನವರ ಹಲವಾ, ಕಾಗದದ ಪಾಕೀಟಿಗೆಂದೇ ಹುಟ್ಟಿದ ಸಿಹಿ. ಎಳ್ಳಿನ ಮೇಲೆ ಸಕ್ಕರೆ ಪಾಕ ಚೂರು ಚೂರೇ ಹಾಕುತ್ತ, ಸಣ್ಣ ಉರಿಯಲ್ಲಿ ಬೆರಳಾಡಿಸುತ್ತ ಮುಳ್ಳು ಬರಿಸಿದ್ದು ಅದು. ಮೇಲೆಲ್ಲ ಒಣ ಸಕ್ಕರೆ, ಎಣ್ಣೆ ಹೊರಗೆ ಬರುವುದಿಲ್ಲ. ಜನವರಿಯಲ್ಲಿ ಪುಣೆಯ ಹವೆಯೂ ಒಣಗಿರುತ್ತದೆ, ಹಾಗಾಗಿ ವಾರಗಟ್ಟಲೆ ಅಂಟುವುದಿಲ್ಲ. ಎಳ್ಳುಂಡಿಯ ಕಥೆ ಬೇರೆ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅದಕ್ಕೆ ಬೆಲ್ಲ, ಶೇಂಗಾ, ತುಪ್ಪ ಸೇರಿದ ಮೇಲೆ ಬರೀ ಕಾಗದ ತಡೆಯಲಾರದು, ಒಳಗೆ ಬಟರ್ ಪೇಪರ್ ಬೇಕೇ ಬೇಕು. ಗೋಕಾಕದ ಕರದಂಟು ತರಿಸಿದ್ದರೆ, ಧಾರವಾಡ ಪೇಡೆ ಇಡುವುದಿದ್ದರೆ ಅದಕ್ಕೂ ಇದೇ ಮಾತು. ಪೇಡೆ ಆದರೆ ಅದೇ ದಿನ ತಿಂದು ಮುಗಿಸುವವರಿಗೆ ಮಾತ್ರ ಕೊಡಿ. ಶ್ರೀಖಂಡ ಗೋಳಿ, ಲಿಮ್ಲೆಟ್, ಟಾಫಿ ಇಂಥವು ತಮ್ಮದೇ ಹೊದಿಕೆಯಲ್ಲಿ ಬಂದಿದ್ದರೆ ಯಾವ ಚಿಂತೆಯೂ ಇಲ್ಲ.

ಯಾರ ಕೈಗೆ ಅಂದೆನಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ. ಸಂಕ್ರಾಂತಿಯ ಮರುದಿನಗಳಲ್ಲಿ ಇಲ್ಲಿ ಸಣ್ಣ ಮಕ್ಕಳಿಗೆ ಬೋರನ್ಹಾಣ ಮಾಡುತ್ತಾರೆ. ಮಗುವಿಗೆ ಕಪ್ಪು ಅಂಗಿ ತೊಡಿಸಿ, ಕುಸುರೆಳ್ಳು ಪೋಣಿಸಿದ ಹಾರ, ಕಿರೀಟ, ಬಾಜೂಬಂದಿ ಹಾಕಿ, ತಲೆಯ ಮೇಲೆ ಬಾರಿಹಣ್ಣು, ಕಬ್ಬಿನ ತುಂಡು, ಚುರಮುರಿ ಸುರಿಯುತ್ತಾರೆ. ಸುತ್ತ ಕೂತ ಮಕ್ಕಳು ಆರಿಸಿಕೊಳ್ಳಲು ಮುಗಿಬೀಳುತ್ತಾರೆ. ಈಗೀಗ ಚಾಕೊಲೇಟು, ಗೋಳಿಯನ್ನೂ ಸುರಿಯುವ ರೂಢಿ ಬಂದಿದೆ. ನಾಲ್ಕು ವರ್ಷದೊಳಗಿನ ಕೂಸುಗಳಿಗೆ ದುಂಡನೆಯ ಗಟ್ಟಿ ಗೋಳಿ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತು. ಅವರ ಪಾಕೀಟಿಗೆ ಚುರಮುರಿ ಮತ್ತು ಒಂದು ಮೆತ್ತನೆಯ ಎಳ್ಳುಂಡಿ ಸಾಕು. ಅದಕ್ಕೇ ನಾನು ಎರಡು ಬಣ್ಣದ ಪಾಕೀಟು ಇಟ್ಟುಕೊಳ್ಳುತ್ತೇನೆ: ದೊಡ್ಡವರಿಗೆ ಕಪ್ಪು, ಕೂಸುಗಳಿಗೆ ಹಳದಿ. ಗದ್ದಲದಲ್ಲಿ ಯಾರು ಎತ್ತಿ ಕೊಟ್ಟರೂ ತಪ್ಪುವುದಿಲ್ಲ.

ಕಪ್ಪು ಯಾಕೆ ಅಂತ ಬೆಂಗಳೂರಿನವರು ಕೇಳುತ್ತಾರೆ. ಹಬ್ಬಕ್ಕೆ ಕಪ್ಪೇ! ಸಂಕ್ರಾಂತಿ ಒಂದಕ್ಕೆ ಮಹಾರಾಷ್ಟ್ರದಲ್ಲಿ ಕಪ್ಪು ಸೀರೆಗೆ ಮರ್ಯಾದೆ. ನಮ್ಮ ಕಡೆಯ ಚಂದ್ರಕಾಳಿ ಸೀರೆಯ ತಂಗಿ ಇಲ್ಲಿನ ಚಂದ್ರಕಳಾ. ಕಪ್ಪು ಒಡಲಿನ ಮೇಲೆ ಬೆಳ್ಳನೆಯ ಕುಸುರೆಳ್ಳಿನ ಆಭರಣ ಎದ್ದು ಕಾಣುವ ಹಾಗೆ ಕಪ್ಪು ಕಾಗದದ ಮೇಲೆ ಬಿಳಿ ಚುಕ್ಕಿಯೂ ಎದ್ದು ಕಾಣುತ್ತದೆ. ಬೇರೆ ಬಣ್ಣದ ಮೇಲೆ ನಾಲ್ಕು ತಾಸು ಕೂತು ಮಾಡಿದ ಚಿತ್ತಾರ ಕಪ್ಪಿನ ಮೇಲೆ ಬಿಳಿ ಪೆನ್ನಿನಿಂದ ಅರ್ಧ ತಾಸಿಗೆ ಆಗುತ್ತದೆ ಅನ್ನುವುದು ನನ್ನ ಸೋಮಾರಿ ಕಾರಣ.

ಕಾಗದಕ್ಕೆ ಅಪ್ಪಾ ಬಳವಂತ ಚೌಕಕ್ಕೆ ಹೋಗಿ. ಪುಸ್ತಕದ ಅಂಗಡಿಗಳ ಮಧ್ಯೆಯೇ ಸ್ಟೇಷನರಿ ಅಂಗಡಿಗಳಿವೆ, ಪೇಸ್ಟಲ್ ಶೀಟ್ ಕೊಡಿ ಅಂದರೆ ಎ4 ಅಳತೆಯ ಬಣ್ಣದ ಹಾಳೆ ತೆಗೆಯುತ್ತಾರೆ. 120 ಜಿಎಸ್ಎಂ ಕೇಳಿ, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗುತ್ತದೆ. ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್ಎಂ ಇರುತ್ತದೆ, ಅದು ಅಂಟು ತಾಗಿದ ಕೂಡಲೇ ಸುಕ್ಕಾಗುತ್ತದೆ. 200ರ ಮೇಲಿನ ಕಾರ್ಡ್‌ಶೀಟ್ ಮಡಿಕೆಯಲ್ಲಿ ಬಿರಿಯುತ್ತದೆ, ಇಷ್ಟು ಸಣ್ಣ ಪಾಕೀಟಿಗೆ ಅದು ಒರಟು. ಲೇಸು, ರಿಬ್ಬನ್ನು, ಹೊಳೆಯುವ ಟಿಕಲಿ ಬೇಕಿದ್ದರೆ ರವಿವಾರ ಪೇಠೆಯ ಬೋಹ್ರಿ ಆಳಿ ಇದೆ, ಸಗಟು ಬಜಾರು. ಹೋಗುವ ಮೊದಲು ಚೀಟಿ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಕಾಗದ ತರಲು ಹೋದವರು ತೋರಣ ತೆಗೆದುಕೊಂಡು ಬರುತ್ತೀರಿ. ಕೈಯಿಂದ ಮಾಡಿದ ಕಾಗದವೇ ಬೇಕು ಅನ್ನುವ ರಸಿಕರಿಗೆ ಶಿವಾಜಿನಗರದ ಕಡೆ 1940ರಲ್ಲಿ ಶುರುವಾದ ಹಸ್ತನಿರ್ಮಿತ ಕಾಗದದ ಸಂಸ್ಥೆ ಇದೆ. ಆ ಕಾಗದ ಮುಟ್ಟಲು ಸುಖ. ಆದರೆ ನಾರು ದಪ್ಪ, ಮಡಿಕೆ ಚೂಪಾಗಿ ಕೂಡುವುದಿಲ್ಲ. ನಾನು ಅದನ್ನು ಪಾಕೀಟಿಗೆ ಬಳಸುವುದಿಲ್ಲ, ಮೇಲೆ ಅಂಟಿಸುವ ಪಟ್ಟಿಗೆ ಬಳಸುತ್ತೇನೆ.

ಕಪ್ಪು ಕಾಗದ ಕೊಳ್ಳುವಾಗ ಒಂದು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಕರವಸ್ತ್ರದ ತುದಿಗೆ ನೀರು ಹಚ್ಚಿ ಹಾಳೆಯ ಮೂಲೆಗೆ ಉಜ್ಜಿ. ಬಟ್ಟೆಗೆ ಕಪ್ಪು ಹತ್ತಿದರೆ ಆ ಕಾಗದ ಬೇಡ, ಬೆವರಿದ ಪುಟ್ಟ ಕೈಯಿಂದ ಅದೇ ಬಣ್ಣ ಬಾಯಿಗೆ ಹೋಗುತ್ತದೆ. ಗಾಳಿಪಟದ ಕಾಗದ, ಕ್ರೇಪ್ ಕಾಗದ ಇದಕ್ಕೇ ಸೋಲುತ್ತವೆ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹಳೇ ಲಗ್ನಪತ್ರಿಕೆ ಉಪಯೋಗಿಸಬಹುದೇ ಎಂದು ಪ್ರತಿಸಲ ಯಾರಾದರೂ ಕೇಳುತ್ತಾರೆ. ತೆಳ್ಳಗಿದ್ದರೆ, ಒಳಗೊಂದು ಬಟರ್ ಪೇಪರ್ ಹಾಕಿದರೆ ಅಡ್ಡಿಯಿಲ್ಲ. ಗಣಪತಿಯ ಚಿತ್ರ ಇರುವ ಭಾಗವನ್ನು ಮಾತ್ರ ಕತ್ತರಿಸಿ ಬೇರೆ ಇಡಿ. ತಿನಿಸು ಮುಗಿದ ಮೇಲೆ ಪಾಕೀಟು ಎಲ್ಲಿ ಬೀಳುತ್ತದೆ ಎಂದು ನಮಗೆ ಗೊತ್ತಿದೆ, ದೇವರನ್ನು ಅಲ್ಲಿಗೆ ಕಳಿಸಬಾರದು. ಕ್ಯಾಲೆಂಡರಿನ ಹಾಳೆ ಬೇಕೆಂದರೆ ಬ್ಯಾಂಕು, ಕಂಪನಿಗಳು ಕೊಡುವ, ಹಿಂಬದಿ ಖಾಲಿ ಇರುವಂಥದ್ದು ನೋಡಿ. ಕಾಲನಿರ್ಣಯದ ಹಾಳೆ ಎರಡೂ ಬದಿ ಅಚ್ಚಾಗಿರುತ್ತದೆ, ಅದನ್ನು ಅದರ ಹಿಂದಿನ ಅಡುಗೆಗಳಿಗಾಗಿಯೇ ಎತ್ತಿಡುವವರು ನಮ್ಮ ಮನೆಯಲ್ಲಿದ್ದಾರೆ.

ಇನ್ನು ಮಡಚುವುದು. ಎ4 ಹಾಳೆಯನ್ನು ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಕತ್ತರಿಸಿದರೆ ನಾಲ್ಕು ತುಂಡು, ಒಂದೊಂದೂ 14.8 ಸೆಂ.ಮೀ. ಉದ್ದ, 10.5 ಸೆಂ.ಮೀ. ಅಗಲ. ಒಂದು ತುಂಡಿಗೆ ಒಂದು ಪಾಕೀಟು, ಕಾಗದ ಚೂರೂ ಹಾಳಿಲ್ಲ. ಉದ್ದದ ಬದಿ ನಿಮ್ಮ ಎದುರಿಗೆ ಅಡ್ಡ ಬರುವಂತೆ ಇಟ್ಟುಕೊಳ್ಳಿ, ಚೆಂದದ ಬದಿ ಕೆಳಗೆ. ಎಡದ ಅಂಚಿನಿಂದ 3.5 ಸೆಂ.ಮೀ., ಬಲದ ಅಂಚಿನಿಂದ 4.4 ಸೆಂ.ಮೀ. ದೂರದಲ್ಲಿ ನೆಟ್ಟಗೆ ಎರಡು ಗೆರೆ ಎಳೆಯಿರಿ. ಎಳೆಯುವುದು ಪೆನ್ಸಿಲಿನಿಂದಲ್ಲ, ಮಸಿ ಮುಗಿದ ಬಾಲ್‌ಪೆನ್ನಿನಿಂದ. ಸ್ಕೇಲು ಒತ್ತಿ ಹಿಡಿದು ಒಂದೇ ಸಲ ಎಳೆದರೆ ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ, ಮಡಿಕೆ ತಾನಾಗಿ ಅಲ್ಲೇ ಕೂಡುತ್ತದೆ.

ಈ ಗೆರೆ ಎಳೆಯುವ ಕೆಲಸ ಬಿಟ್ಟರೆ ನಡೆಯುವುದಿಲ್ಲವೇ? ನಡೆಯುತ್ತದೆ, ಆದರೆ ಮಡಿಕೆ ಹಲ್ಲುಹಲ್ಲಾಗುತ್ತದೆ. ಕಾಗದಕ್ಕೂ ಬಟ್ಟೆಯ ಹಾಗೆ ಎಳೆಯ ದಿಕ್ಕು ಇದೆ. ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ ನೋಡಿ, ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಸೆಟೆಯುತ್ತದೆ. ಸಲೀಸಾಗಿ ಬಾಗುವ ಕಡೆ ಮಡಚಿದರೆ ಮಡಿಕೆ ನಯ. ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ನಾರು ಉದ್ದಕ್ಕೆ ಓಡುತ್ತದೆ, ನಮ್ಮ ಎರಡು ಮಡಿಕೆಗಳು ಅದಕ್ಕೆ ಅಡ್ಡ ಬರುತ್ತವೆ. ಅದಕ್ಕೇ ಖಾಲಿ ಪೆನ್ನಿನ ಸೇವೆ. ದೊಡ್ಡ ಹಾಳೆ ತಂದು ನೀವೇ ಕತ್ತರಿಸುವುದಾದರೆ ದಿಕ್ಕು ನೋಡಿಕೊಂಡೇ ಕತ್ತರಿಸಿ.

ಎರಡೂ ಬದಿಯನ್ನು ಒಳಕ್ಕೆ ಮಡಚಿ. ಒಂದರ ಮೇಲೊಂದು ಸುಮಾರು ಒಂದು ಸೆಂ.ಮೀ. ಏರುತ್ತದೆ, ಅಲ್ಲಿ ಅಂಟು. ಬಿಳಿ ಫೆವಿಕಾಲ್‌ನಲ್ಲಿ ನೀರಿನಂಶ ಇರುವುದರಿಂದ ಬೆರಳಿನಲ್ಲಿ ಬಳಿದರೆ ಕಾಗದ ಉಬ್ಬುತ್ತದೆ. ಗ್ಲೂ ಸ್ಟಿಕ್ ಒಳ್ಳೆಯದು. ಫೆವಿಕಾಲೇ ಇದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ತೆಳ್ಳಗೆ ಸವರಿ, ಅಂಚಿನಿಂದ ಕೂದಲೆಳೆ ಒಳಗೆ. ಅಂಟಿಸುವ ಮೊದಲು ಕೊಳವೆಯೊಳಗೆ ಹಳೇ ಪೋಸ್ಟ್‌ಕಾರ್ಡಿನ ಪಟ್ಟಿಯೊಂದನ್ನು ತೂರಿಸಿಡಿ, ಹೆಚ್ಚಾದ ಅಂಟು ಇಳಿದು ಎದುರಿನ ಗೋಡೆಗೆ ಕಚ್ಚಿಕೊಳ್ಳುವುದಿಲ್ಲ. ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ, ಪಟ್ಟಿ ಎಳೆದುಕೊಳ್ಳಿ. ಈಗ 7 ಸೆಂ.ಮೀ. ಅಗಲದ ಚಪ್ಪಟೆ ಕೊಳವೆ ಕೈಯಲ್ಲಿದೆ.

ಕೆಳಗಿನಿಂದ ಒಂದೂವರೆ ಸೆಂ.ಮೀ. ಮೇಲಕ್ಕೆ ಮಡಚಿ ಹಿಂಬದಿಗೆ, ಅಂದರೆ ಜೋಡಣೆ ಇರುವ ಬದಿಗೆ, ಅಂಟಿಸಿ. ಮಡಚುವ ಮೊದಲು ಆ ಪಟ್ಟಿಯ ಎರಡೂ ಮೂಲೆಯನ್ನು ಚೂರು ಓರೆಯಾಗಿ ಕತ್ತರಿಸಿದರೆ ಅಂಚಿನಾಚೆಗೆ ಇಣುಕುವುದಿಲ್ಲ. ಕುಸುರೆಳ್ಳು ಸೋರುವ ಜಾಗ ಯಾವಾಗಲೂ ಈ ಮೂಲೆಗಳೇ, ಆದ್ದರಿಂದ ಅಂಟು ಮೂಲೆಯವರೆಗೆ ಹೋಗಲಿ. ಬಾಯಿ ಕಡೆ ಎರಡು ಸೆಂ.ಮೀ. ಮುಚ್ಚಳಕ್ಕೆ ಬಿಟ್ಟರೆ 7 ಸೆಂ.ಮೀ. ಚೌಕದ ಪಾಕೀಟು ಉಳಿಯುತ್ತದೆ. ಎರಡು ಟೇಬಲ್ ಚಮಚ ಕುಸುರೆಳ್ಳು, ಇಲ್ಲವೇ ನಾಲ್ಕೈದು ಟಾಫಿ ಇದರಲ್ಲಿ ಸಮಾಧಾನವಾಗಿ ಕೂರುತ್ತವೆ. ನಿಂಬೆಕಾಯಿ ಗಾತ್ರದ ಎಳ್ಳುಂಡಿ ಕೂರುವುದಿಲ್ಲ. ಅದಕ್ಕೆ ಎ4 ಅರ್ಧ ಹಾಳೆಯಿಂದ ಇದೇ ಕ್ರಮದಲ್ಲಿ ಮಾಡಿ, 10 ಸೆಂ.ಮೀ. ಅಗಲ ಬರುತ್ತದೆ.

ಮಕ್ಕಳಿಗೆ ಇದೇ ಕೊಳವೆಯಿಂದ ಸಮೋಸಾ ಪಾಕೀಟು ಮಾಡಿಕೊಡಬಹುದು. ಕೆಳಗೆ ಎಂದಿನಂತೆ ಮುಚ್ಚಿ, ತಿನಿಸು ಹಾಕಿ, ಬಾಯಿಯನ್ನು ಮಾತ್ರ ಕಾಲುಸುತ್ತು ತಿರುಗಿಸಿ ಅಡ್ಡಲಾಗಿ ಹಿಸುಕಿ ಅಂಟಿಸಿದರೆ ನಾಲ್ಕು ಮುಖದ ಮುದ್ದು ಪೊಟ್ಟಣ. ಸುರುಳಿ ಸುತ್ತಿದ ಶೇಂಗಾ ಪುಡಿಕೆಯೂ ಚೆಂದವೇ, ಆದರೆ ತಟ್ಟೆಯಲ್ಲಿ ಜೋಡಿಸಿಡಲು ಬರುವುದಿಲ್ಲ.

ಬಟರ್ ಪೇಪರ್ ಹಾಕುವವರು ಆರೂವರೆ ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ ನಡುವೆ ಮಡಚಿ ಒಳಗಿಳಿಸಿ. ಅಂಟು ಬೇಡ. ಪೇಡೆ, ಕರದಂಟಿಗೆ ಇಷ್ಟು ಸಾಲದು, ಅವನ್ನು ಮೊದಲು ಪೂರ್ತಿ ಸುತ್ತಿಯೇ ಒಳಗಿಡಬೇಕು.

ಅಲಂಕಾರವನ್ನು ತುಂಬುವ ಮೊದಲು ಮಾಡಿ, ಪಾಕೀಟು ಚಪ್ಪಟೆ ಇರುವಾಗ. ಪೆನ್ನಿನ ಚಿತ್ತಾರವಾದರೆ ಮಡಚುವುದಕ್ಕೂ ಮೊದಲೇ. ಮೂರನೇ ಹಾಳೆ ಮುಗಿಯುವಷ್ಟರಲ್ಲಿ ಲೇಸು, ಕುಂದನ್ ಟಿಕಲಿ, ಜರಿಪುಡಿ ಎಲ್ಲ ಹಚ್ಚುವ ಆಸೆ ಹುಟ್ಟುತ್ತದೆ. ಜರಿಪುಡಿ ಮಾತ್ರ ಮನೆಯೊಳಗೇ ತರಬೇಡಿ, ಅದು ಪಾಕೀಟಿನ ಮೇಲೆ ನಿಲ್ಲುವುದಿಲ್ಲ, ಎಳ್ಳಿನೊಳಗೆ ಹೋಗಿ ಕೂರುತ್ತದೆ. ನಿಜವಾದ ಅರಿಷಿಣ ಕುಂಕುಮದ ಬೊಟ್ಟು ಇಡುವ ಹುರುಪು ಕೆಲವರಿಗೆ. ಕುಂಕುಮ ಪಕ್ಕದ ಪಾಕೀಟಿಗೆ ಹತ್ತುತ್ತದೆ, ಆಮೇಲೆ ಬಂದವರ ಸೆರಗಿಗೆ. ಕೆಂಪು, ಹಳದಿ ಸ್ಕೆಚ್‌ಪೆನ್ನಿನ ಬೊಟ್ಟು ಸಾಕು.

ನನ್ನ ಪಾಕೀಟಿನ ಮೇಲೆ ಕಸೂತಿ ಇರುತ್ತದೆ, ದಾರದ್ದಲ್ಲ, ಪೆನ್ನಿನದು. ಕಸೂತಿ ಎಳೆ ಎಣಿಸಿ ಹಾಕುವ ಕಲೆ. ಗವಂತಿ ಹೊಲಿಗೆಯ ನೇರ ಗೆರೆ, ಮುರ್ಗಿ ಹೊಲಿಗೆಯ ಮೆಟ್ಟಿಲು, ಎರಡೂ ಚೌಕುಳಿ ಕಾಗದದ ಮೇಲೆ ಸಲೀಸಾಗಿ ಇಳಿಯುತ್ತವೆ. ತೊಂದರೆ ಒಂದೇ, ಕಪ್ಪು ಹಾಳೆಯ ಮೇಲೆ ಚೌಕುಳಿ ಇರುವುದಿಲ್ಲ. ಅದಕ್ಕೆ ಉಪಾಯ ಹೀಗೆ. ಶಾಲೆಯ ಗ್ರಾಫ್ ಹಾಳೆಯಲ್ಲಿ ಎರಡು ಮಿ.ಮೀ. ಮನೆಗಳನ್ನು ಲೆಕ್ಕಕ್ಕೆ ಹಿಡಿದು ಒಂದು ಗೋಪುರ ಬರೆಯಿರಿ. ಕೆಳಗೆ ಒಂಬತ್ತು ಮನೆ, ಅದರ ಮೇಲೆ ಏಳು, ಐದು, ಮೂರು, ತುದಿಗೆ ಒಂದು. ಪ್ರತಿ ಸಾಲಿಗೂ ಎರಡು ಮನೆ ಎತ್ತರ ಕೊಡಿ, ಇಲ್ಲದಿದ್ದರೆ ಗೋಪುರ ಕುಳ್ಳಾಗುತ್ತದೆ. ಹಾಳೆಯನ್ನು ಇನ್ನೂ ಮಡಚದ ಕಪ್ಪು ತುಂಡಿನ ಚೆಂದದ ಬದಿಯ ಮೇಲಿಟ್ಟು, ಕೆಳಗೆ ನಾಲ್ಕು ಮಡಿಕೆ ಮಾಡಿದ ಟವೆಲ್ ಹಾಸಿ, ಮೆಟ್ಟಿಲು ತಿರುಗುವ ಪ್ರತಿ ಮೂಲೆಗೂ ಸೂಜಿಯ ಮೊನೆ ತಾಗಿಸಿ. ಚುಚ್ಚಿ ಆಚೆ ತೆಗೆಯಬೇಡಿ, ಗುರುತು ಬಿದ್ದರೆ ಸಾಕು. ಗ್ರಾಫ್ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದರೆ ಸಾಸಿವೆಗಿಂತ ಸಣ್ಣ ಗುಣಿಗಳು ಕಾಣುತ್ತವೆ. ಬಿಳಿ ಜೆಲ್ ಪೆನ್ನಿನಿಂದ ಗುಣಿಯಿಂದ ಗುಣಿಗೆ ಗೆರೆ ಸೇರಿಸುತ್ತ ಹೋಗಿ. ಅದೇ ಗ್ರಾಫ್ ಹಾಳೆ ಹತ್ತಾರು ಪಾಕೀಟಿಗೆ ಬರುತ್ತದೆ.

ಬಿಳಿ ಜೆಲ್ ಪೆನ್ನು ಜಂಬದ ಪೆನ್ನು. ಒತ್ತಿದರೆ ಬರೆಯುವುದಿಲ್ಲ, ಅವಸರ ಮಾಡಿದರೆ ನಡುವೆ ಕಡಿಯುತ್ತದೆ. 0.8 ಮಿ.ಮೀ. ಮೊನೆಯದು ತೆಗೆದುಕೊಂಡು ನಿಧಾನಕ್ಕೆ, ತೇಲಿಸಿ ಬರೆಯಿರಿ, ಮೇಲಿನಿಂದ ಕೆಳಕ್ಕೆ ಬನ್ನಿ, ಅಂಗೈ ಹಸಿ ಗೆರೆಯ ಮೇಲೆ ಹೋಗದಿರಲಿ. ಒಣಗಲು ಹತ್ತು ನಿಮಿಷ ಬಿಟ್ಟು ಆಮೇಲೆ ಮಡಿಕೆ. ಗೋಪುರ ಬೇಸರ ಬಂದರೆ ಚಿಕ್ಕಿ, ತೇರು, ಆನೆ ಎಲ್ಲ ಇವೆ. ಆನೆ ಮಾತ್ರ 7 ಸೆಂ.ಮೀ.ಯಲ್ಲಿ ಹಂದಿಯ ಹಾಗೆ ಕಾಣುತ್ತದೆ ಎಂದು ನನ್ನ ಮಗಳ ಅಭಿಪ್ರಾಯ. ಕೆಳಗೆ ಇಳಕಲ್ ದಡಿಯ ನೆನಪಿಗೆ ಅರ್ಧ ಸೆಂ.ಮೀ. ಕೆಂಪು ಪಟ್ಟಿ ಅಂಟಿಸುತ್ತೇನೆ, ಅಲ್ಲಿಗೆ ಅಲಂಕಾರ ನಿಲ್ಲಿಸುತ್ತೇನೆ. ಹೆಸರು ಬರೆಯುವುದಿದ್ದರೆ ಹಿಂಬದಿಯಲ್ಲಿ. ಇಲ್ಲಿ ಹುಟ್ಟಿ ಬೆಳೆದ ನಮ್ಮವರ ಮಕ್ಕಳಿಗೆ ದೇವನಾಗರಿ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ನಾನು ಕನ್ನಡದಲ್ಲೇ ಬರೆಯುತ್ತೇನೆ. ತಮ್ಮ ಪಾಕೀಟು ಯಾವುದೆಂದು ತಿಳಿಯಲು ಅವರು ಬಂದು ಕೇಳಬೇಕು, ನಾನು ಅಕ್ಷರ ತೋರಿಸಬೇಕು.

ಬಹಳ ಪಾಕೀಟು ಮಾಡುವುದಿದ್ದರೆ ಒಂದೊಂದನ್ನೇ ಪೂರ್ತಿ ಮುಗಿಸುತ್ತ ಕೂರಬೇಡಿ. ನಲವತ್ತು ಬೇಕೆಂದರೆ ಹತ್ತು ಹಾಳೆ. ಎಲ್ಲವನ್ನೂ ಕತ್ತರಿಸಿ, ಎಲ್ಲದಕ್ಕೂ ಗೆರೆ ಎಳೆದು, ಎಲ್ಲಕ್ಕೂ ಸೂಜಿ ತಾಗಿಸಿ, ಬರೆದು, ಆಮೇಲೆ ಅಂಟಿನ ಪಾಳಿ. ಅಂಟಿಸಿದ್ದನ್ನು ದಪ್ಪ ಪುಸ್ತಕದ ಕೆಳಗೆ ರಾತ್ರಿಯಿಡೀ ಇಡಿ. ಅಂಟಿನ ವಾಸನೆ ಹೋಗುವವರೆಗೆ ತುಂಬಬೇಡಿ, ಸಕ್ಕರೆ ವಾಸನೆ ಹಿಡಿಯುತ್ತದೆ.

ತುಂಬಲು ಕಾಗದದ ಆಲಿಕೆ ಮಾಡಿಕೊಂಡರೆ ಬಾಯಿಯ ಮೇಲೆ ಸಕ್ಕರೆ ಪುಡಿ ಬೀಳುವುದಿಲ್ಲ. ಪುಡಿ ಬಿದ್ದ ಜಾಗದಲ್ಲಿ ಅಂಟು ಕಚ್ಚುವುದಿಲ್ಲ, ಇರುವೆಗೂ ದಾರಿಯಾಗುತ್ತದೆ. ಮುಚ್ಚಲು ಸ್ಟೇಪ್ಲರ್ ಖಡಾಖಂಡಿತ ಬೇಡ. ಮಗು ಹಲ್ಲಿನಿಂದಲೇ ಪಾಕೀಟು ಹರಿಯುತ್ತದೆ, ಪಿನ್ನು ಬಾಯಲ್ಲೇ ಬಿಡುತ್ತದೆ. ಮುಚ್ಚಳ ಹಿಂದಕ್ಕೆ ಮಡಚಿ ರೂಪಾಯಿ ನಾಣ್ಯದಷ್ಟು ದುಂಡನೆಯ ಕಾಗದದ ಚೂರು ಅಂಟಿಸಿ, ನಡುಮಧ್ಯೆ ಮಾತ್ರ. ಮುಚ್ಚಳದ ಪೂರ್ತಿ ಅಗಲಕ್ಕೆ ಅಂಟು ಬಳಿದರೆ ತೆರೆಯುವಾಗ ಪಾಕೀಟು ಉದ್ದಕ್ಕೆ ಹರಿದು ಕುಸುರೆಳ್ಳೆಲ್ಲ ನೆಲದ ಪಾಲು. ಒಂದನ್ನು ಐದು ವರ್ಷದ ಮಗುವಿನ ಕೈಗೆ ಕೊಟ್ಟು ತೆರೆಸಿ ನೋಡಿ, ಆಮೇಲೆ ಉಳಿದವನ್ನು ಮುಚ್ಚಿ. ತಟ್ಟೆಯಲ್ಲಿ ನಿಲ್ಲಿಸಿ ಜೋಡಿಸುವಾಗ ಗೋಪುರ ಬಂದವರ ಕಡೆಗಿರಲಿ.

ರಥಸಪ್ತಮಿ ಮುಗಿದ ಮೇಲೆ ಖಾಲಿ ಪಾಕೀಟು ಉಳಿದರೆ ಚಪ್ಪಟೆಯಾಗಿಯೇ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ, ಪುಣೆಯ ಮಳೆಗಾಲದಲ್ಲಿ ಹೊರಗಿಟ್ಟ ಕಾಗದ ಮೆತ್ತಗಾಗುತ್ತದೆ. ಗಣಪತಿಯ ದಿನಗಳಲ್ಲಿ ಆರತಿಯಾದ ಮೇಲೆ ಖಿರಾಪತ ಎನ್ನುವ ಪ್ರಸಾದ ಹಂಚಲು ಅವೇ ಬರುತ್ತವೆ. ಖಿರಾಪತದಲ್ಲಿ ಒಣ ಕೊಬ್ಬರಿ ಇರುತ್ತದೆ, ಎಣ್ಣೆ ಬಿಡುತ್ತದೆ, ಆಗ ಬಟರ್ ಪೇಪರ್ ಮರೆಯಬೇಡಿ.